ಹಗ್ಗದ ಮೇಲಿನ ಗಂಡ

ಟೈಲರಮ್ಮನ ಗಂಡ ವಾರಕ್ಕೊಮ್ಮೆ ತಾರಸಿಯ ಹಗ್ಗದ ಮೇಲೆ ಒಣಗುತ್ತಿದ್ದ. ಭಾನುವಾರ ಬೆಳಗ್ಗೆ ಅವನನ್ನು ಬಕೆಟ್ಟಿನಲ್ಲಿ ನೆನೆಸಿ, ಸೋಪು ಹಚ್ಚಿ, ಚೆನ್ನಾಗಿ ಹಿಂಡಿ, ಹ್ಯಾಂಗರಿಗೆ ಸಿಕ್ಕಿಸಿ, ಬೀದಿಗೆ ಎದ್ದು ಕಾಣುವ ಹಾಗೆ ನೇತುಹಾಕಿದರೆ ಅವಳಿಗೆ ಇನ್ನೊಂದು ವಾರದ ನೆಮ್ಮದಿ. ತಿಳಿನೀಲಿ ಬಣ್ಣದ ತುಂಬುತೋಳಿನ ಅಂಗಿ. ಅಷ್ಟೇ ಅವಳ ಸಂಸಾರ. ಕುಡಿಯುವುದಿಲ್ಲ, ಬೈಯುವುದಿಲ್ಲ, ಕೈ ಎತ್ತುವುದಿಲ್ಲ. ಗಾಳಿ ಬಂದರೆ ತೋಳು ಆಡಿಸುತ್ತದೆ, ಅದೂ ಯಾರಿಗೂ ತಾಗದ ಹಾಗೆ. ಇಂಥ ಗಂಡ ಎಷ್ಟು ಜನರಿಗೆ ಸಿಗುತ್ತಾನೆ ಹೇಳಿ.

ಆ ಅಂಗಿ ಇಲ್ಲದಿದ್ದರೆ ಆ ಕೋಣೆಯೂ ಇಲ್ಲ. ಕೋಣೆ ಹುಡುಕಿಕೊಂಡು ಅಲೆದ ದಿನಗಳಲ್ಲಿ ಎಲ್ಲ ಮನೆಯವರ ಬಾಯಲ್ಲೂ ಅವಳು ಕೇಳಿದ್ದು ಒಂದೇ ಪ್ರಶ್ನೆ, "ಯಜಮಾನ್ರು ಎಲ್ಲಿ?" ಇಲ್ಲ ಅಂದರೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ಬಿಟ್ಟು ಬಂದಿದ್ದೇನೆ ಅಂದರೆ ಪೂರ್ತಿ. ಒಬ್ಬ ಮಾತ್ರ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆದ. ಅವನ ಕಣ್ಣು ನೋಡಿ ಅವಳೇ ಮೆಟ್ಟಿಲಿಳಿದು ಓಡಿ ಬಂದಳು. ಹೆಂಡತಿಗೆ ಹೊಡೆಯುವವನಿಗೆ ಊರಲ್ಲಿ ಮನೆ ಸಿಗುತ್ತದೆ, ಹೊಡೆಸಿಕೊಂಡು ಬಂದವಳಿಗೆ ಸಿಗುವುದಿಲ್ಲ. ಇದು ಯಾವ ನ್ಯಾಯ ಅಂತ ಕೇಳಲು ಹೋದರೆ ಕೇಳಿದವಳೇ ಸರಿಯಿಲ್ಲ ಅನ್ನುತ್ತಾರೆ.

ಆಗ ಅವಳು ಹೆಂಗಸರ ಆಶ್ರಯದ ಮನೆಯಲ್ಲಿದ್ದಳು. ಅಲ್ಲಿಯ ಅಕ್ಕ ಒಳ್ಳೆಯವಳೇ. ಆದರೆ ಅಲ್ಲಿ ಎಷ್ಟು ದಿನ ಇರಬಹುದು ಅನ್ನುವುದಕ್ಕೆ ಲೆಕ್ಕವಿತ್ತು, ಹೊರಗೆ ಕಾಯುವವರ ಸಾಲೂ ಇತ್ತು. "ಒಂದು ನೆಲೆ ಮಾಡ್ಕೊಂಡ್ರೆ ಹೊಲಿಗೆ ಮೆಷಿನ್ ಕೊಡಿಸ್ತೀವಿ. ನೆಲೆ ತಪ್ಪಿದ್ರೆ ಮೆಷಿನ್ ವಾಪಸ್ ಕೊಡ್ಬೇಕು, ಇನ್ನೊಬ್ರಿಗೆ ಬೇಕು" ಅಂತ ಅಕ್ಕ ಮೊದಲೇ ಹೇಳಿದ್ದಳು. ಹಾಗಾಗಿ ಕೋಣೆ ಹೋದರೆ ಮೆಷಿನ್ ಹೋಯಿತು. ಮೆಷಿನ್ ಹೋದರೆ ಟೈಲರ್ ಅಂಗಡಿಯಿಂದ ಮನೆಗೆ ತಂದು ಹೊಲಿಯುವ ಕೆಲಸ ಹೋಯಿತು. ಅದೂ ಹೋದರೆ ಉಳಿಯುವುದು ಹಳೇ ಮನೆಯ ಹಾದಿ ಒಂದೇ. ಆ ಹಾದಿಯ ಕೊನೆಯಲ್ಲಿ ಅವನಿದ್ದ.

ನಿಜವಾದ ಗಂಡ ಮನೆಮನೆಗೆ ನೀರಿನ ಕ್ಯಾನ್ ಹೊತ್ತು ಹಾಕುವವನು. ಹೊತ್ತು ಹೊತ್ತು ಅವನ ಬಲಭುಜ ಇಳಿದುಹೋಗಿತ್ತು. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಹೊರಗಿನವರು ಯಾರೂ ಅವನನ್ನು ಕೆಟ್ಟವನು ಅಂದದ್ದಿಲ್ಲ. ಬೆಣ್ಣೆಯೆಲ್ಲ ಬೀದಿಗೆ ಖರ್ಚಾಗಿ ಮನೆಗೆ ಬರುವಾಗ ಕೈ ಮಾತ್ರ ಉಳಿದಿರುತ್ತಿತ್ತು. ಕೊನೆಯ ಸಲ ಆ ಕೈ ಅವಳ ಕುತ್ತಿಗೆಗೆ ಬಂದಿತ್ತು. ಅದಾದ ಮೇಲೆ ಕುತ್ತಿಗೆಗೆ ಏನು ತಾಗಿದರೂ ಅವಳಿಗೆ ಉಸಿರು ನಿಲ್ಲುತ್ತದೆ. ಟೈಲರುಗಳೆಲ್ಲ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡರೆ ಇವಳು ಸೊಂಟಕ್ಕೆ ಸುತ್ತಿಕೊಳ್ಳುತ್ತಾಳೆ. "ಇದೇನಮ್ಮ, ಪೋಲೀಸ್ ಬೆಲ್ಟಾ?" ಅಂತ ಅಂಗಡಿಯ ಮಾಸ್ಟರ್ ನಗುತ್ತಾನೆ. ಅವಳೂ ನಗುತ್ತಾಳೆ.

ಮನೆಯೊಡತಿ ಇಸ್ತ್ರಿಯಮ್ಮ. ಕೆಳಗಿನ ಮುಂಭಾಗದಲ್ಲಿ ಮೇಜು ಹಾಕಿಕೊಂಡು ಬೀದಿಗೆಲ್ಲ ಇಸ್ತ್ರಿ ಮಾಡಿಕೊಡುವ ವಿಧವೆ, ಮಕ್ಕಳಿಲ್ಲ. ಅನುಮಾನ ಅವಳಿಗೆ ಹಾಲು ಕುಡಿದ ಕಾಲದಿಂದ ಬಂದದ್ದು. ಹಾಲಿನವನ ಹಾಲು ಮೂಸಿ ನೋಡುವಳು, ಚಿಲ್ಲರೆಯನ್ನು ಬೆಳಕಿಗೆ ಹಿಡಿದು ನೋಡುವಳು. ತನ್ನ ನೆರಳು ಹಿಂದೆ ಬಂದರೂ "ಯಾರದು?" ಅಂತ ಕೇಳುವವಳು ಅಂತ ಬೀದಿಯವರ ತಮಾಷೆ. ಕೋಣೆ ತೋರಿಸುವ ಮೊದಲೇ ಅವಳು ಹೇಳಿಬಿಟ್ಟಿದ್ದಳು.

"ಗಂಡ ಇಲ್ಲದ ಹೆಂಗಸರಿಗೆ ನಾನು ಮನೆ ಕೊಡಲ್ಲ. ಮುಖದ ಮೇಲೆ ಹೊಡ್ದ ಹಾಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಇದ್ದಾರಮ್ಮ," ಅಂದಳು ಇವಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ, ಆದರೂ ಆ ದಿನ ಸಲೀಸಾಗಿ ಹೊರಳಿತು. "ಲಾರಿ ಓಡಿಸ್ತಾರೆ. ಬಂದಾಗ ಬರ್ತಾರೆ, ಹೊತ್ತು ಗೊತ್ತಿಲ್ಲ."

ಇಸ್ತ್ರಿಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಮುಂಗಡ ಎಣಿಸಿಕೊಂಡು, ಬೀಗದ ಕೈ ಕೊಟ್ಟಳು. ಎರಡು ಬೀಗದ ಕೈಗಳಲ್ಲಿ ಒಂದನ್ನು ಮಾತ್ರ. ಇನ್ನೊಂದು ಅವಳ ಸೊಂಟದ ಗೊಂಚಲಿನಲ್ಲೇ ಉಳಿಯಿತು. ಟೈಲರಮ್ಮ ಅದನ್ನು ನೋಡಿದಳು, ನೋಡಿ ನುಂಗಿಕೊಂಡಳು.

ಅಂಗಿ ಹೊಲಿದದ್ದು ಆಮೇಲೆ. ಮೆಷಿನ್ ಬಂದ ಮೊದಲ ಸಂಜೆ, ಅಂಗಡಿಯಲ್ಲಿ ಉಳಿದಿದ್ದ ಬಟ್ಟೆ ಕೇಳಿ ತಂದು, ಕೂತಲ್ಲೇ ಕತ್ತರಿಸಿ ಹೊಲಿದು ಮುಗಿಸಿದಳು. ಮನಸ್ಸೆಲ್ಲ ಬಾಗಿಲಿನ ಚಿಲಕದ ಮೇಲಿತ್ತು, ಅದಕ್ಕೆ ಮೊಳೆ ಗಟ್ಟಿಯಿದೆಯೋ ಇಲ್ಲವೋ ಅಂತ. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಅಂಗಿಯನ್ನು ಅಳತೆಯಿಟ್ಟು ನೋಡುವ ಅಗತ್ಯವೂ ಇರಲಿಲ್ಲ. ಹಗ್ಗಕ್ಕೆ ಯಾವ ಅಳತೆಯಾದರೂ ಸರಿಯೇ.

ಮೊದಲ ಕೆಲವು ವಾರ ಎಲ್ಲ ನೆಟ್ಟಗಿತ್ತು. ಬೀದಿಯ ಹೆಂಗಸರು ತಲೆಯೆತ್ತಿ ನೋಡಿ, "ಓ, ನಿಮ್ಮೋರು ಬಂದಿದ್ರಾ?" ಅಂತ ಕೇಳುವರು. "ಬೆಳಗಿನ ಜಾವ ಬಂದು ಆಗ್ಲೇ ಹೋದ್ರು" ಅಂತ ಇವಳು. ಒಂದು ಅಂಗಿಗೆ ಎಷ್ಟು ಮರ್ಯಾದೆ ಅಂತ ಅವಳಿಗೇ ಆಶ್ಚರ್ಯ. ಅಂಗಡಿಯಲ್ಲಿ ಮಾಸ್ಟರ್ ಕೂಡ, ಗಂಡ ಇದ್ದಾನೆ ಅಂತ ಗೊತ್ತಾದ ಮೇಲೆ, ಮಾತಾಡುವಾಗ ಒಂದು ಮಾರು ದೂರ ನಿಲ್ಲಲು ಕಲಿತ.

ಆಮೇಲೊಂದು ಭಾನುವಾರ ಅವಳು ಮೆಟ್ಟಿಲು ಹತ್ತಿ ಬರುವಾಗ ತಾರಸಿಯಲ್ಲಿ ಇಸ್ತ್ರಿಯಮ್ಮ ನಿಂತಿದ್ದಳು. ಹಗ್ಗದ ಮೇಲಿನ ಅಂಗಿಯ ಕೊರಳಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಮಡಿಸಿ ನೋಡುತ್ತಿದ್ದಳು. ಕಂಕುಳ ನೋಡಿದಳು. ಭುಜದ ಮೇಲೆ ಹೆಬ್ಬೆರಳು ಆಡಿಸಿದಳು. ಇವಳನ್ನು ಕಂಡು ಕೈ ಬಿಟ್ಟಳೇ ಹೊರತು ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ.

"ನಿನ್ನ ಗಂಡ ಲಾರಿ ಓಡಿಸ್ತಾನೋ, ಮೂಟೆ ಹೊರ್ತಾನೋ?"

"ಓಡಿಸ್ತಾರಮ್ಮ. ಯಾಕೆ?"

"ಏನಿಲ್ಲ. ಯಾವ ಹೆಗಲಲ್ಲಿ ಹೊರ್ತಾನೆ ಅಂತ ಕೇಳಿದೆ."

ಅಷ್ಟು ಹೇಳಿ ಮುದುಕಿ ಕೆಳಗಿಳಿದಳು. ಟೈಲರಮ್ಮ ಹಗ್ಗದ ಪಕ್ಕದಲ್ಲೇ ನಿಂತು ಯೋಚಿಸಿದಳು. ಹೆಗಲಿನ ಮಾತು ಈ ಮುದುಕಿಗೆ ಹೇಗೆ ಗೊತ್ತು? ಹೆಗಲಿನಲ್ಲಿ ಹೊರುವವನನ್ನು ಇವಳು ಎಲ್ಲಿ ನೋಡಿದಳು? ಕ್ಯಾನ್ ಹೊರುವವರು ಈ ಬೀದಿಗೂ ಬರುತ್ತಾರೆ, ಅವರೊಳಗೆ ಒಬ್ಬರಿಗೊಬ್ಬರು ಪರಿಚಯವಿರುತ್ತದೆ. ಬಾಯಿಂದ ಬಾಯಿಗೆ ಒಂದು ಮಾತು ಹೋದರೆ ಸಾಕು. ಹಾವು ತುಳಿದವರಿಗೆ ಹಗ್ಗವೂ ಹಾವೇ ಅನ್ನುತ್ತಾರೆ. ಅವಳ ವಿಷಯದಲ್ಲಿ ಹಗ್ಗ, ಹ್ಯಾಂಗರು, ಮೆಟ್ಟಿಲ ಸಪ್ಪಳ, ಕೆಳಗಿನ ಕೆಮ್ಮು, ಎಲ್ಲವೂ ಹಾವಾದವು.

ಮರುದಿನದಿಂದ ಅವಳು ಒಂದು ಉಪಾಯ ಮಾಡಿದಳು. ಕೆಲಸಕ್ಕೆ ಹೋಗುವಾಗ ಬಾಗಿಲಿನ ಕೆಳಮೂಲೆಯಲ್ಲಿ, ಕದಕ್ಕೂ ಚೌಕಟ್ಟಿಗೂ ಸೇರಿಸಿ, ಬಣ್ಣಕ್ಕೆ ಹೊಂದುವ ಒಂದೆಳೆ ನೂಲನ್ನು ಅಂಟಿಸಿ ಹೋಗುವಳು. ಸಂಜೆ ಬಂದು ಮೊದಲು ಬಗ್ಗಿ ನೋಡುವುದು ಅದನ್ನೇ. ವಾರವೆಲ್ಲ ನೂಲು ಹಾಗೇ ಇತ್ತು. ತನ್ನ ಬುದ್ಧಿಗೆ ತಾನೇ ನಾಚಿಕೊಂಡು ಇನ್ನು ಬಿಟ್ಟುಬಿಡೋಣ ಅಂದುಕೊಂಡ ದಿನವೇ ಅದು ಹರಿದಿತ್ತು.

ಒಳಗೆ ಏನೂ ಹೋಗಿರಲಿಲ್ಲ. ಮೆಷಿನ್ ಇದ್ದಲ್ಲೇ ಇತ್ತು, ಹಾಸಿಗೆ ಸುತ್ತಿದ ಹಾಗೇ ಇತ್ತು. ಕಳ್ಳ ಬಂದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಕದಿಯದೆ ಹೋಗುವವರು ನೋಡಲು ಬಂದವರು. ನೋಡಿದವರು ಯಾರಿಗಾದರೂ ಹೇಳುತ್ತಾರೆ.

"ನನ್ನ ಕೋಣೆಗೆ ಬಂದಿದ್ರಾ ಅಮ್ಮ?" ಅಂತ ಕೆಳಗೆ ಹೋಗಿ ಕೇಳಿಯೇಬಿಟ್ಟಳು.

"ಬಂದಿದ್ದೆ. ಕಿಟಕಿ ಬಡ್ಕೊಳ್ತಾ ಇತ್ತು, ಗಾಜು ಒಡೆದ್ರೆ ನೀನು ಹಾಕಿಸ್ತೀಯಾ?" ಇಸ್ತ್ರಿಯಮ್ಮ ಪೆಟ್ಟಿಗೆಯ ಕೆಂಡ ಊದುತ್ತ ತಲೆಯೆತ್ತಲಿಲ್ಲ. "ಗಂಡಸು ಬಂದು ಹೋಗೋ ಮನೆ ಅಂತೀಯ, ಒಂದು ಕ್ಷೌರದ ಬ್ಲೇಡೂ ಇಲ್ಲವಲ್ಲ."

"ಲಾರಿಯಲ್ಲೇ ಇಟ್ಕೋತಾರೆ."

"ಹೌದಾ. ಪಾಪ, ಎಲ್ಲ ಲಾರಿಯಲ್ಲೇ."

ಆ 'ಪಾಪ' ಕೇಳಿ ಅವಳಿಗೆ ಮೈ ಉರಿಯಿತು. ಮುದುಕಿಗೆ ಅರ್ಧ ಗೊತ್ತಾಗಿದೆ. ಉಳಿದ ಅರ್ಧ ತಿಳಿದುಕೊಂಡ ದಿನ, ಒಂದೋ ಹೊರಗೆ ಹಾಕುತ್ತಾಳೆ, ಇಲ್ಲವೋ ಅವನಿಗೆ ಸುದ್ದಿ ಮುಟ್ಟಿಸಿ 'ಗಂಡ ಹೆಂಡತಿಯನ್ನು ಒಂದು ಮಾಡಿದೆ' ಅಂತ ಪುಣ್ಯ ಕಟ್ಟಿಕೊಳ್ಳುತ್ತಾಳೆ. ಒಂದು ಮಾಡುವವರಿಂದಲೇ ಅವಳು ಜಾಸ್ತಿ ಹೊಡೆತ ತಿಂದಿದ್ದಳು. ಅತ್ತೆ ಒಂದು ಮಾಡಿದ್ದಳು, ಸ್ವಂತ ಅಣ್ಣ ಎರಡು ಸಲ ಒಂದು ಮಾಡಿದ್ದ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇವಳು ಈಗ ನೀರನ್ನೂ ಊದುತ್ತಿದ್ದಳು.

ಮುಂದಿನ ಭಾನುವಾರ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಕರೆಂಟು ಹೋಗಿ ಅದೂ ಬೇಗ ಮುಗಿಯಿತು. ಬೀದಿಯ ತಿರುವಿನಲ್ಲಿ ಹಿಟ್ಟಿನ ಗಿರಣಿಯಿದೆ. ಅದರ ಪಕ್ಕಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಇಸ್ತ್ರಿಯಮ್ಮನ ಮೇಜಿನ ಮುಂದೆ ನೀರಿನ ಕ್ಯಾನ್ ತುಂಬಿದ ಗಾಡಿ ನಿಂತಿತ್ತು. ಗಾಡಿಯವನು ಬೆನ್ನು ತೋರಿಸಿಕೊಂಡು ಮಾತಾಡುತ್ತಿದ್ದ. ಬಲಭುಜ ಇಳಿದಿತ್ತು. ಆ ಬೆನ್ನನ್ನು ಸಾವಿರ ಬೆನ್ನುಗಳ ನಡುವೆಯೂ ಅವಳು ಗುರುತಿಸುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ. ಗಿರಣಿಯ ಗೋಡೆಗೆ ಒತ್ತಿಕೊಂಡು ನಿಂತಳು. ಕಾಲು ಓಡು ಅನ್ನುತ್ತಿತ್ತು, ಕಣ್ಣು ಹೋಗಗೊಡಲಿಲ್ಲ.

ಗಿರಣಿಯ ಸದ್ದಿಗೆ ಮಾತು ಒಂದೂ ಕೇಳಲಿಲ್ಲ. ಆದರೆ ಕಂಡದ್ದು ಸಾಕಾಗಿತ್ತು. ಮುದುಕಿಯ ಕೈಯಲ್ಲಿ ತಿಳಿನೀಲಿ ಅಂಗಿ. ಬೆಳಗ್ಗೆ ತಾನೇ ಹಗ್ಗಕ್ಕೆ ಹಾಕಿ ಬಂದ ಅಂಗಿ. ಅದನ್ನು ಅವನ ಎದುರಿಗೆ ಬಿಡಿಸಿ ಹಿಡಿದು ಏನೋ ತೋರಿಸುತ್ತಿದ್ದಳು. ಅವನು ಕೈಯನ್ನು ತನ್ನ ಭುಜಕ್ಕೆ ಒಯ್ದ. ಇಬ್ಬರೂ ನಕ್ಕರು. ಆಮೇಲೆ ಮುದುಕಿ ಅಂಗಿಯನ್ನು ಅಂದವಾಗಿ ಮಡಿಸಿ, ಕಾಗದದಲ್ಲಿ ಸುತ್ತಿ, ಅವನ ಕೈಗೆ ಕೊಟ್ಟಳು. ಅವನು ಒಮ್ಮೆ ತಲೆಯೆತ್ತಿ ಮೇಲಿನ ಕಿಟಕಿಯನ್ನು ನೋಡಿದ. ನೋಡಿ, ಮುದುಕಿಗೆ ಕೈ ಮುಗಿದು, ಗಾಡಿ ಹತ್ತಿ ಆ ಕಡೆಯ ರಸ್ತೆಗೆ ಹೋದ.

ಮಾರಿಬಿಟ್ಟಳು ಅಂದುಕೊಂಡಳು ಟೈಲರಮ್ಮ. ಅಳು ಬರಲಿಲ್ಲ, ಸಿಟ್ಟು ಬಂತು, ಅದೂ ತನ್ನ ಮೇಲೆಯೇ. ಆ ನೂಲು ಹರಿದ ದಿನವೇ ಹೊರಟುಹೋಗಬೇಕಿತ್ತು.

ಗಾಡಿಯ ಸದ್ದು ಪೂರ್ತಿ ಅಡಗಿದ ಮೇಲೆ ಹಿಂದಿನ ಓಣಿಯಿಂದ ಸುತ್ತಿಬಂದು, ಹಿತ್ತಲ ಮೆಟ್ಟಿಲು ಹತ್ತಿ, ಕೋಣೆಗೆ ನುಗ್ಗಿ ಬಟ್ಟೆ ತುಂಬಿದಳು. ಬಟ್ಟೆ ಎಷ್ಟು ಮಹಾ, ಒಂದು ಚೀಲ. ಉಳಿದದ್ದು ಮೆಷಿನ್. ಅದನ್ನು ಬಿಟ್ಟು ಹೋದರೆ ಜೀವ ಉಳಿಯುತ್ತದೆ, ಜೀವನ ಉಳಿಯುವುದಿಲ್ಲ. ಅಕ್ಕನಿಗೆ ಏನು ಉತ್ತರ ಹೇಳುವುದು? ಮೇಲ್ಭಾಗವನ್ನು ಬಿಚ್ಚಿ ಎದೆಗವಚಿಕೊಂಡು ಮೆಟ್ಟಿಲಿಗೆ ಕಾಲಿಟ್ಟಳು. ಅರ್ಧ ಇಳಿಯುವಷ್ಟರಲ್ಲಿ ಕೆಳಗಿನ ಮೆಟ್ಟಿಲಿನ ಮೇಲೆ ಇಸ್ತ್ರಿಯಮ್ಮ ನಿಂತಿದ್ದಳು.

"ಎಲ್ಲಿಗೆ?"

"ದಾರಿ ಬಿಡಿ."

"ಮೆಷಿನ್ ಕೈ ಜಾರಿದ್ರೆ ನನ್ನ ಮೆಟ್ಟಿಲು ಒಡೆಯುತ್ತೆ. ಮೊದಲು ಅದನ್ನ ಕೆಳಗಿಡು."

"ಎಷ್ಟು ಕೊಟ್ಟ ನಿಮಗೆ?" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನ್ನ ತೋರಿಸಿಕೊಟ್ಟಿದ್ದಕ್ಕೆ ಎಷ್ಟು ಕೊಟ್ಟ? ನಾನು ನೋಡ್ದೆ. ಗಿರಣಿ ಹತ್ರ ನಿಂತು ಎಲ್ಲ ನೋಡ್ದೆ."

ಇಸ್ತ್ರಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ದಾರಿ ಮಾತ್ರ ಬಿಡಲಿಲ್ಲ.

"ನೋಡಿದ್ದೀಯ, ಕೇಳಿಲ್ಲ. ಅವನು ಬಂದವನೇ 'ದೊಡ್ಡಮ್ಮ, ಮೇಲೆ ಒಣಗ್ತಿರೋ ಅಂಗಿ ಯಾರದು?' ಅಂದ. ತನ್ನ ತಂಗಿ ಮನೆ ಬಿಟ್ಟು ಹೋಗಿದ್ದಾಳಂತೆ, ಟೈಲರಂತೆ, ತಾಯಿ ಹಾಸಿಗೆ ಹಿಡಿದಿದ್ದಾಳಂತೆ. ಅಂಗಿಯ ಹೊಲಿಗೆ ಅವಳ ಕೈಯದೇ ಅನ್ನಿಸ್ತು ಅಂದ. ಕಣ್ಣಲ್ಲಿ ನೀರು ಬೇರೆ."

"ಅಂಗಿ ನೋಡಿ ಹೇಗೆ..." ಅಂದವಳು ಅರ್ಧಕ್ಕೆ ನಿಲ್ಲಿಸಿದಳು.

"ಹೇಗೆ ಅಂತ ನನ್ನ ಕೇಳ್ತೀಯಾ? ಹೊಲಿದೋಳು ನೀನು. ಬಲಭುಜ ಇಳಿಸಿ ಕತ್ತರಿಸಿದ್ದೀಯ. ಹ್ಯಾಂಗರಿಗೆ ಹಾಕಿದ್ರೆ ಒಂದು ಕಡೆ ಅಂಚು ಮೇಲಕ್ಕೆ ಏಳುತ್ತೆ, ಬೀದಿಯಿಂದಲೇ ಕಾಣ್ಸುತ್ತೆ. ಅದರ ಮೇಲೆ ಆ ಭುಜಕ್ಕೊಂದು ಎರಡನೇ ಪದರ ಬೇರೆ, ಸವೀಬಾರ್ದು ಅಂತ. ಇಲ್ಲದ ಗಂಡನಿಗೆ ಇಷ್ಟು ಉಪಚಾರ ಯಾರಾದ್ರೂ ಮಾಡ್ತಾರಾ?"

ಟೈಲರಮ್ಮ ಮೆಷಿನ್ನನ್ನು ಮೆಟ್ಟಿಲ ಮೇಲಿಟ್ಟಳು. ಇಡದಿದ್ದರೆ ಬೀಳಿಸುತ್ತಿದ್ದಳು. ಮೆಷಿನ್ ಬಂದ ಮೊದಲ ಸಂಜೆ, ಮನಸ್ಸು ಚಿಲಕದ ಮೇಲಿದ್ದಾಗ, ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು. ಮದುವೆಯಾದಾಗಿನಿಂದ ಅವಳು ಮನೆಯಲ್ಲಿ ಹೊಲಿದದ್ದು ಒಬ್ಬ ಗಂಡಸಿನ ಅಂಗಿಗಳನ್ನು ಮಾತ್ರ. ಕೈಗೆ ಗೊತ್ತಿದ್ದ ಗಂಡ ಅವನೊಬ್ಬನೇ. ಅವನಿಂದ ಕಾಪಾಡಲಿ ಅಂತ ಹೊಲಿದ ಅಂಗಿಯನ್ನು ಅವನ ಅಳತೆಗೇ ಹೊಲಿದು, ವಾರವಾರ ತಾನೇ ಬಾವುಟದ ಹಾಗೆ ಏರಿಸಿದ್ದಳು.

"ನೀವೇನು ಹೇಳಿದ್ರಿ ಅವನಿಗೆ?"

"ಮೊದಲು ಅವನ್ಯಾರು ಅಂತ ನನಗೆ ಗೊತ್ತಾಗ್ಬೇಕಲ್ಲ. ಮೇಲೆ ಹೋಗಿ ಅಂಗಿ ತಂದು ಅವನ ಮುಂದೆ ಹಿಡಿದು, 'ನೋಡಪ್ಪ, ಈ ಭುಜ ಯಾಕೋ ಸೊಟ್ಟ' ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅವನ ಕೈಯೂ ಸೀದಾ ಹೆಗಲಿಗೇ ಹೋಯ್ತು. ಅಣ್ಣನ ಅಂಗಿಗೆ ಎರಡು ಪದರ ಹಾಕೋ ತಂಗಿಯನ್ನ ನಾನಂತೂ ನೋಡಿಲ್ಲ. ಇನ್ನೊಂದು ಮಾತು. ತಂಗಿಯನ್ನ ಹುಡುಕ್ಕೊಂಡು ಬಂದವನು ಹೇಗಿದ್ದಾಳೆ, ಚೆನ್ನಾಗಿದ್ದಾಳಾ ಅಂತ ಕೇಳ್ಬೇಕು. ಇವನು ಕೇಳಿದ್ದು, ಹಿತ್ತಲಿಗೆ ಬಾಗಿಲಿದೆಯಾ ಅಂತ."

ಇಸ್ತ್ರಿಯಮ್ಮ ಕೈಬೆರಳಿನ ಸುಟ್ಟ ಕಲೆಗಳನ್ನು ನೋಡಿಕೊಳ್ಳುತ್ತ ಮುಂದುವರಿಸಿದಳು.

"ಅಂಗಿ ಹಳೇ ಬಟ್ಟೆಯವನ ಗಂಟಿನಲ್ಲಿ ಸಿಕ್ಕಿದ್ದು ಅಂದೆ. ಯಾವ ಊರಿನ ಗಂಟೋ, ಯಾರು ಹೊಲಿದಿದ್ದೋ. ನನ್ನ ಮಗನಿಗೆ ತಂದಿದ್ದೆ, ಭುಜ ಸರಿ ಬರ್ತಾ ಇಲ್ಲ, ನಿನಗೆ ಹೇಳಿ ಮಾಡಿಸಿದ ಹಾಗಿದೆ, ತಗೊಂಡು ಹೋಗಪ್ಪ ಅಂದೆ."

"ನಿಮಗೆ ಮಗ ಎಲ್ಲಿದ್ದಾನೆ?"

"ಯಾಕೆ, ನಿನಗೆ ಲಾರಿ ಓಡಿಸೋ ಗಂಡ ಹುಟ್ಟಬಹುದು, ನನಗೊಬ್ಬ ಮಗ ಹುಟ್ಟಬಾರ್ದಾ? ಮೇಲೆ ಮಲಗಿದ್ದಾನೆ, ರಾತ್ರಿ ಪಾಳಿ ಮುಗಿಸಿ ಬಂದಿದ್ದಾನೆ, ನಿದ್ದೆ ಕೆಡಿಸಿದ್ರೆ ಸಿಟ್ಟು ಜಾಸ್ತಿ, ಎಬ್ಬಿಸ್ಲಾ ಅಂತ ಕೇಳಿದೆ. ಬೇಡ ದೊಡ್ಡಮ್ಮ ಅಂದ. ಮೇಲೆ ಒಂದು ಸಲ ನೋಡಿ ಹೋದ."

ಟೈಲರಮ್ಮನಿಗೆ ನಗು ಬಂದ ಹಾಗಾಯಿತು, ಆದರೆ ಅನುಮಾನ ಅಷ್ಟು ಬೇಗ ಜಾಗ ಬಿಡುವ ಬಾಡಿಗೆದಾರನಲ್ಲ. ಕೇಳಿದ್ದು ಕಥೆಯಂತಿತ್ತು. ಬೆಣ್ಣೆ ಮಾತಿನವನು ಮುದುಕಿಗೂ ಮಾತು ಹೇಳಿಕೊಟ್ಟಿದ್ದರೆ? ಸಂಜೆವರೆಗೆ ಹಿಡಿದಿಟ್ಟುಕೋ ಅಂದಿದ್ದರೆ?

"ಇದನ್ನೆಲ್ಲ ನಾನು ಹೇಗೆ ನಂಬ್ಲಿ?"

"ನಂಬಬೇಡ," ಅಂದಳು ಇಸ್ತ್ರಿಯಮ್ಮ. "ನಾನೂ ನಿನ್ನ ನಂಬಿರ್ಲಿಲ್ಲ. ನಾಲ್ಕು ವಾರ ನೋಡೋ ಹೊತ್ತಿಗೆ ಗೊತ್ತಾಯ್ತು, ಆ ಅಂಗಿಯೊಳಗೆ ಮನುಷ್ಯ ಇಲ್ಲ ಅಂತ. ಕೊರಳಪಟ್ಟಿ ಮಾಸಿಲ್ಲ, ಕಂಕುಳಲ್ಲಿ ಬೆವರಿನ ಕಲೆ ಇಲ್ಲ, ವಾರವಾರ ಒಗೆಯೋಕೆ ಅದರಲ್ಲಿ ಏನಿದೆ? ಮನೆ ಒಳಗೂ ಬಂದು ನೋಡ್ದೆ, ಕಿಟಕಿ ಒಂದು ನೆಪ. ಹೊರಗೆ ಹಾಕಬೇಕು ಅಂತಾನೇ ಇದ್ದೆ."

"ಮತ್ತೆ?"

"ಗಂಡ ಇಲ್ಲದ ಹೆಂಗಸು ಬೇಡ ಅಂದಿದ್ದು ಯಾಕೆ ಅನ್ಕೊಂಡೆ? ಅಂಥವಳ ಹಿಂದೆಯೇ ಒಬ್ಬ ಗಂಡ ಬಂದು ಬಾಗಿಲು ಒಡೀತಾನೆ, ಬಾಗಿಲಿಗೆ ದುಡ್ಡು ಯಾರು ಕೊಡ್ತಾರೆ ಅಂತ. ಇವತ್ತು ಆ ಗಂಡನೇ ಬಂದು ನಿಂತ. ನನ್ನ ಬಾಗಿಲ ಲೆಕ್ಕವನ್ನ ನನ್ನ ಹತ್ರಾನೇ ಕೇಳಿದ. ನನಗೆ ಸಿಟ್ಟು ಬಂತು. ಬಾಗಿಲು ನನ್ನದು, ಒಳಗೆ ಯಾರಿರಬೇಕು ಅಂತ ಹೇಳೋಕೆ ಅವನ್ಯಾರು?"

ಹೀಗೆ ಹೇಳಿ ಮುದುಕಿ ಸೊಂಟದ ಗೊಂಚಲನ್ನು ಬಿಚ್ಚಿದಳು. ಅದರ ಬಿಗಿಯಾದ ಬಳೆಯಿಂದ ಒಂದು ಬೀಗದ ಕೈಯನ್ನು ಉಗುರಿನಿಂದ ಕಿತ್ತು ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತೆಗೆದು ಮೆಷಿನ್ನಿನ ಮೇಲಿಟ್ಟಳು.

"ತಗೋ, ನಿನ್ನ ಬಾಗಿಲಿನ ಎರಡನೇದು. ಇದು ನನ್ನ ಹತ್ರ ಇರೋ ತನಕ ನಿನಗೆ ನಿದ್ದೆ ಬರಲ್ಲ. ಬಾಗಿಲಿಗೆ ನೂಲು ಅಂಟಿಸಿದ್ದೂ ನನಗೆ ಗೊತ್ತು, ಆವತ್ತು ಕಾಲಿಗೆ ಸಿಕ್ಕಿ ಹರೀತು. ಬಾಡಿಗೆಗೆ ಇರೋಕೆ ನಂಬಿಕೆ ಬೇಕಾಗಿಲ್ಲ. ಬೀಗ ಗಟ್ಟಿ ಇರಬೇಕು, ಬಾಡಿಗೆ ಬರ್ತಾ ಇರಬೇಕು."

ಬೀಗದ ಕೈ ಇನ್ನೂ ಮುದುಕಿಯ ಮೈಬಿಸಿಗೆ ಬೆಚ್ಚಗಿತ್ತು. ಟೈಲರಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು. ಹುಟ್ಟಿದ ಮನೆಯಲ್ಲಾಗಲಿ ಸೇರಿದ ಮನೆಯಲ್ಲಾಗಲಿ ಯಾರೂ ಅವಳಿಗೆ ಒಂದು ಬಾಗಿಲನ್ನು ಪೂರ್ತಿಯಾಗಿ ಕೊಟ್ಟಿರಲಿಲ್ಲ. ಅವಳಿಗೆ ಆಗ ಅಳು ಬಂತು. ಇಸ್ತ್ರಿಯಮ್ಮ ಅದನ್ನು ನೋಡದ ಹಾಗೆ ಮೆಷಿನ್ನಿನ ಒಂದು ಕಡೆ ಕೈ ಹಾಕಿದಳು. ಇಬ್ಬರೂ ಸೇರಿ, ಏದುಸಿರು ಬಿಡುತ್ತ, ಅದನ್ನು ಮತ್ತೆ ಮೇಲಕ್ಕೆ ಹೊತ್ತರು.

"ಅವನು ಮತ್ತೆ ಬಂದ್ರೆ?" ಮೇಲೆ ಹೋದ ಮೇಲೆ ಅವಳು ಕೇಳಿದಳು.

"ಬರ್ತಾನೆ. ಅಂಥವರು ಅಷ್ಟಕ್ಕೇ ಬಿಡಲ್ಲ. ನಾಳೆ ಆ ಮೆಷಿನ್ ತಂದು ಇಳಿಸಿದ ಅಕ್ಕನಿಗೆ ಹೇಳಿ, ಪೋಲೀಸ್ ಕಿವಿಗೂ ಒಂದು ಮಾತು ಹಾಕ್ಸು. ನಾನು ಚಿಲಕಕ್ಕೆ ದೊಡ್ಡ ಮೊಳೆ ಹಾಕಿಸ್ತೀನಿ. ಆದ್ರೆ ಮೊದಲು ಹಗ್ಗ ನೋಡು, ಖಾಲಿ ಇದೆ. ಅವನು ಬರೋ ಹೊತ್ತಿಗೆ ನನ್ನ ಮಗನ ಅಂಗಿ ಒಣಗ್ತಾ ಇರಬೇಕು."

ಸಂಜೆ ಇಸ್ತ್ರಿಯಮ್ಮ ಒಂದು ಬಟ್ಟೆ ತಂದಳು. ಯಾವುದೋ ಕಾಲದಲ್ಲಿ ತಂದಿಟ್ಟಿದ್ದ ದಪ್ಪ ಕಂದು ಬಟ್ಟೆ, ಮಡಿಕೆಯ ಗೆರೆ ಬಿಳಿಚಿತ್ತು.

"ಯಾರ ಅಳತೆಗೆ ಹೊಲೀಲಿ?" ಟೈಲರಮ್ಮ ಕೇಳಿದಳು.

"ನಿನ್ನ ಅಳತೆಗೆ. ಎಲ್ಲ ಕಡೆ ಸ್ವಲ್ಪ ದೊಡ್ಡದು ಮಾಡು. ಈ ಸಲ ಅಂಗಿಯೊಳಗೆ ಮನುಷ್ಯ ಇರಬೇಕು. ನೀನೇ ಹಾಕ್ಕೊಂಡು ಮೆಷಿನ್ ತುಳಿ, ಬೆವರು ಹಿಡೀಲಿ, ಕೊರಳಪಟ್ಟಿ ಮಾಸ್ಲಿ. ಆಮೇಲೆ ಒಗೆದು ಹಾಕು. ಟೇಪ್ ಕೊಡಿಲ್ಲಿ, ನಿನ್ನ ಅಳತೆ ನೀನೇ ತಗೊಳ್ಳೋಕಾಗುತ್ತಾ?"

ಇಷ್ಟು ವರ್ಷ ಊರಿನವರ ಅಳತೆ ತೆಗೆದವಳ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ಸೊಂಟದಿಂದ ಟೇಪು ಬಿಚ್ಚಿಕೊಟ್ಟಳು. ಮುದುಕಿ ಭುಜ ಅಳೆದಳು, ತೋಳು ಅಳೆದಳು, ಎದೆ ಅಳೆದಳು. ಆಮೇಲೆ ಟೇಪನ್ನು ಕುತ್ತಿಗೆಗೆ ಸುತ್ತಲು ಎರಡೂ ಕೈ ಎತ್ತಿದಳು.

ಟೈಲರಮ್ಮ ಗೋಡೆಗೆ ಬಡಿದುಕೊಂಡಳು. ಹಿಂದೆ ಸರಿದದ್ದು ಯಾವಾಗ ಅಂತ ಅವಳಿಗೇ ತಿಳಿಯಲಿಲ್ಲ. ಕೈಗಳೆರಡೂ ಕುತ್ತಿಗೆಯನ್ನು ಮುಚ್ಚಿಕೊಂಡಿದ್ದವು.

ಇಸ್ತ್ರಿಯಮ್ಮ ಎತ್ತಿದ ಕೈಯನ್ನು ಹಾಗೆಯೇ ಇಳಿಸಿದಳು. ಏನೂ ಕೇಳಲಿಲ್ಲ. ಎಲ್ಲದಕ್ಕೂ ಯಾಕೆ, ಏನು, ಯಾರು ಅಂತ ಕೇಳುವವಳು ಇದೊಂದನ್ನು ಕೇಳಲಿಲ್ಲ. ಟೇಪನ್ನು ಮಡಿಸಿ ಅವಳ ಕೈಗೆ ಕೊಟ್ಟಳು.

"ಕೊರಳನ್ನ ನೀನೇ ಅಳೆದ್ಕೋ. ಬಿಗಿ ಮಾಡ್ಬೇಡ," ಅಂದು ಮೆಟ್ಟಿಲಿಳಿದು ಹೋದಳು.

ಅವಳು ಹೋದ ಮೇಲೆ ಟೈಲರಮ್ಮ ಚಿಲಕ ಹಾಕಿದಳು. ಎರಡೂ ಬೀಗದ ಕೈಗಳನ್ನು ಮೆಷಿನ್ನಿನ ಹಲಗೆಯ ಮೇಲೆ ಜೋಡಿಸಿಟ್ಟಳು. ಟೇಪನ್ನು ನಿಧಾನವಾಗಿ, ತನ್ನ ಕೈಯಿಂದ ತಾನೇ, ಕುತ್ತಿಗೆಯ ಸುತ್ತ ತಂದಳು. ಒಳಗೆ ಎರಡು ಬೆರಳು ಇಟ್ಟುಕೊಂಡಳು. ಎದೆ ಹೊಡೆದುಕೊಂಡಿತು, ಆದರೆ ಉಸಿರು ಆಡಿತು. ಸೀಮೆಸುಣ್ಣದಿಂದ ಆ ಅಳತೆಯನ್ನು ಬಟ್ಟೆಯ ಮೇಲೆ ಗುರುತು ಮಾಡಿದಳು.

ಭುಜ ಕತ್ತರಿಸುವಾಗ ಕತ್ತರಿ ಬಲಗಡೆ ತಾನಾಗಿ ಕೆಳಕ್ಕೆ ಜಾರಿತು. ನಿಲ್ಲಿಸಿ ಎಡಭುಜವನ್ನು ಅದರ ಮೇಲೆ ಮಡಿಸಿಟ್ಟು ಗೆರೆ ಸರಿಮಾಡಿಕೊಂಡಳು. ಎರಡೂ ಸಮನಾದವು. ಹೊಲಿಗೆಗೆ ಕೂತ ಮೇಲೆ ನೋಡುತ್ತಾಳೆ, ಪಕ್ಕದಲ್ಲಿ ಅಂಗೈಯಗಲದ ಒಂದು ತುಂಡನ್ನು ಬೇರೆಯಾಗಿ ಕತ್ತರಿಸಿಟ್ಟಿದ್ದಳು. ಬಲಭುಜದ ಎರಡನೇ ಪದರ. ಕೈಗೆ ಇನ್ನೂ ಅವನೇ ನೆನಪು. ಅದನ್ನು ಒಂದು ಕ್ಷಣ ಹಿಡಿದು ನೋಡಿದಳು. ಮೆಟ್ಟಿಲ ಮೇಲೆ ವಾಲಿಸಿ ಇಟ್ಟಿದ್ದಕ್ಕೆ ಮೆಷಿನ್ನಿನಿಂದ ಎಣ್ಣೆ ಸೋರುತ್ತಿತ್ತು. ಆ ತುಂಡಿನಿಂದ ಎಣ್ಣೆಯನ್ನೆಲ್ಲ ಒರೆಸಿ ಮೂಲೆಗೆ ಹಾಕಿ, ತನ್ನ ಅಂಗಿಯನ್ನು ಹೊಲಿಯತೊಡಗಿದಳು.